ಕೀ ಕೊಡುವಾಗ ಹೇಳದ ಮಾತು

ಮೂಡಿಗೆರೆ
೧೪ ಫೆಬ್ರವರಿ ೨೦೦೭

ಸರೋಜಕ್ಕಾ,

ಈ ಕಾಗದವನ್ನು ನಿನ್ನ ಮಗಳು ಧನ್ಯಾಳ ಕೈಯಲ್ಲೇ ಕಳಿಸುತ್ತಿದ್ದೇನೆ. ಜೊತೆಗೆ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಇದೆ. ಓದಿ ಮುಗಿಯುವವರೆಗೆ ಅದನ್ನು ತೆರೆಯಬೇಡ. ಫೋನಿನಲ್ಲೇ ಹೇಳೋಣವೆಂದು ಈ ವಾರ ಮೂರು ಸಲ ನಿನಗೆ ಮಾಡಿದೆ. ಮೂರು ಸಲವೂ ನಿನ್ನ ದನಿ ಕೇಳಿದೊಡನೆ ಮಾತು ಬದಲಿಸಿದೆ. ಮೆಣಸು ಕುಯ್ಲಾಯಿತಾ, ಆಳು ಸಿಕ್ಕಿದರಾ ಎಂದು ಕೇಳಿ ಇಟ್ಟುಬಿಟ್ಟೆ. ನಿನ್ನ ತಮ್ಮ ಹೇಡಿ ಎಂಬುದು ನಿನಗೆ ಹೊಸ ಸುದ್ದಿಯಲ್ಲ. ಎಷ್ಟು ದೊಡ್ಡ ಹೇಡಿ ಎಂಬುದು ಮಾತ್ರ ನಿನಗೆ ಗೊತ್ತಿಲ್ಲ.

ಬಾವ ತೀರಿಕೊಂಡ ಮೇಲೆ ನೀನು ಡ್ರೈವಿಂಗ್ ಕಲಿಯುತ್ತೇನೆಂದು ಹಟ ಹಿಡಿದದ್ದು ನೆನಪಿದೆಯಾ? ಆಲ್ದೂರಿನ ಆ ಹತ್ತು ಎಕರೆಯ ಗೊಬ್ಬರಕ್ಕೂ ಕಾಫಿ ಸಾಗಿಸುವುದಕ್ಕೂ ಎಷ್ಟು ದಿನ ಇನ್ನೊಬ್ಬರ ಬಾಗಿಲು ಕಾಯಲಿ ಎಂದಿದ್ದೆ. ದೊಡ್ಡಪ್ಪ ಮೂಗು ಮುರಿದರು. ಅವ್ವ ಮಾತ್ರ "ಕಲೀಲಿ ಬಿಡಿ, ಕೂಸನ್ನ ಕಂಕುಳಲ್ಲಿಟ್ಕೊಂಡು ಕಣ ನೋಡಿದೋಳು, ಜೀಪೇನು ಮಹಾ" ಅಂದಿದ್ದಳು. ಕಲಿಸಿದ್ದು ನಾನು, ನಮ್ಮ ಹಳೇ ಮಹೀಂದ್ರ ಜೀಪಿನಲ್ಲಿ. ಒಂದೇ ತಿಂಗಳಿಗೆ ನೀನು ನನಗಿಂತ ನಯವಾಗಿ ಓಡಿಸಲು ಶುರು ಮಾಡಿದೆ. ಇಳಿಜಾರಿನಲ್ಲಿ ನಾನು ಬ್ರೇಕ್ ತುಳಿದು ತುಳಿದು ಇಳಿಸಿದರೆ ನೀನು ಗೇರಿನಲ್ಲೇ ಇಳಿಸುತ್ತಿದ್ದೆ. ಹೊಟ್ಟೆಕಿಚ್ಚಾಗಿತ್ತು ಅಕ್ಕ. ಇವತ್ತು ಎಲ್ಲ ಹೇಳುವುದೆಂದ ಮೇಲೆ ಅದನ್ನೂ ಹೇಳಿಬಿಡುತ್ತೇನೆ.

ನಮ್ಮ ಕಡೆ ಜೀಪು ಕೊಡುವ ಪದ್ಧತಿ ನಿನಗೆ ಗೊತ್ತೇ ಇದೆ. ಕೀ ಜೊತೆಗೆ ಅದರ ದೋಷಗಳನ್ನೂ ಬಾಯಲ್ಲಿ ಒಪ್ಪಿಸುತ್ತೇವೆ. ಎರಡನೇ ಗೇರು ಜಾರುತ್ತದೆ, ಕೈಯಲ್ಲಿ ಒತ್ತಿ ಹಿಡಿದುಕೋ. ಹಾರನ್ ಇಲ್ಲ, ತಿರುವಿನಲ್ಲಿ ಕೂಗು. ರಿಪೇರಿ ಮಾಡಿಸುವ ಬದಲು ಹೊಂದಿಕೊಂಡು ಓಡಿಸುವುದೇ ಜಾಣತನ ಎಂಬ ಜಂಬ ನಮಗೆಲ್ಲ. ನಿನಗೂ ಹಾಗೇ ಕಲಿಸಿದೆ. "ಸ್ಟಿಯರಿಂಗ್ ಕಾಲು ಸುತ್ತು ಖಾಲಿ ತಿರುಗ್ತದೆ ಅಕ್ಕ, ಆಮೇಲೆ ಹಿಡೀತದೆ. ತಿರುವು ಬರೋಕ್ ಮುಂಚೆನೇ ತಿರುಗ್ಸು. ಅದರ ಗುಣವೇ ಅಷ್ಟು" ಅಂದಿದ್ದೆ. ಗುಣವಂತೆ! ಸವೆದದ್ದಕ್ಕೆ ಗುಣ ಎಂದು ಹೆಸರಿಟ್ಟವನು ನಾನು.

ನೀನು ಸುಮ್ಮನೆ ಒಪ್ಪಲಿಲ್ಲ. ದೇವರಮನೆ ಬೆಟ್ಟದ ಗುಡಿಗೆ ಹೋಗುವ ಎರಡು ದಿನ ಮುಂಚೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಜೀಪಿನ ಮುಂದೆ ಕೂತು ಬಗ್ಗಿ ನೋಡಿ, "ಎಡಗಡೆ ಏನೋ ಕಟಕ್ ಅಂತದೆ ಕಣೋ ಮಲ್ಲೇಶಿ. ಆ ಗುಂಡಿನ ಮೇಲಿನ ರಬ್ಬರ್ ಹರಿದು ಒಳಗೆಲ್ಲ ಕೆಸರು ತುಂಬ್ಕೊಂಡದೆ. ಮೆಕ್ಯಾನಿಕ್ ಗುರುವಯ್ಯಂಗೆ ತೋರಿಸು" ಎಂದೆ. ನೀನು ತೋರಿಸಿದ್ದು ಟೈ ರಾಡ್ ಎಂಡ್. ಸ್ಟಿಯರಿಂಗ್ ತಿರುಗಿಸಿದರೆ ಚಕ್ರವನ್ನು ತಿರುಗಿಸುವ ಕಂಬಿಯ ತುದಿಯ ಕೀಲು ಅದು. ನಾನು ನಕ್ಕು, "ಕಲ್ಲು ರಸ್ತೆ ಅಕ್ಕ, ಜೀಪು ಮಾತಾಡ್ತದೆ" ಅಂದೆ.

ನೀನು ಆಲ್ದೂರಿಗೆ ಹೋದ ಮೇಲೆ ನಾನೂ ಬಗ್ಗಿ ನೋಡಿದೆ. ಕೀಲು ಹಿಡಿದು ಅಲ್ಲಾಡಿಸಿದರೆ ಕೈಗೇ ಗೊತ್ತಾಗುವಷ್ಟು ಸಡಿಲವಿತ್ತು. ಆದರೆ ಕಾಫಿ ಹೂ ಬಿಡಿಸುವ ಹೂಮಳೆ ಕೈಕೊಟ್ಟು ತೋಟಕ್ಕೆ ಸ್ಪ್ರಿಂಕ್ಲರ್ ಓಡಿಸುತ್ತಿದ್ದ ವಾರ ಅದು, ಜೀಪು ಒಂದು ದಿನ ನಿಂತರೂ ಪೈಪು ಸಾಗಿಸುವುದು ಹೇಗೆ? ಗ್ರೀಸ್ ಗನ್ ತಂದು ಆ ಕೀಲಿಗೆ ತುಂಬಿದಷ್ಟು ಗ್ರೀಸ್ ತುಂಬಿದೆ. ಗ್ರೀಸ್ ತುಂಬಿದರೆ ಸವೆದ ಕೀಲೂ ನಾಲ್ಕು ದಿನ ಬಿಗಿಯಾದಂತೆ ಇರುತ್ತದೆ, ಸದ್ದು ಅಡಗುತ್ತದೆ. ಸೋಮವಾರ ಅವ್ವನ ಹರಕೆ ಪೂಜೆಗೆಂದು ನೀನು ಬಂದಾಗ ಕೀ ಕೊಟ್ಟೆ. "ಸದ್ದು ಹೋಯ್ತಲ್ಲೋ, ಹೊಸದು ಹಾಕಿಸಿದ್ಯಾ?" ಎಂದು ನೀನು ಕೇಳಿದೆ. ನಾನು "ಹೂಂ" ಅಂದೆ.

ಆ "ಹೂಂ" ಅನ್ನು ಹತ್ತು ವರ್ಷದಿಂದ ನುಂಗಲೂ ಆಗಿಲ್ಲ, ಉಗುಳಲೂ ಆಗಿಲ್ಲ.

ದೇವರಮನೆಯಿಂದ ಇಳಿಯುವಾಗ ಆದದ್ದನ್ನು ನಾನು ನಿನಗೆ ಹೇಳಬೇಕಾಗಿಲ್ಲ. ಜೀಪು ದಿಬ್ಬಕ್ಕೆ ಗುದ್ದಿ ಅವ್ವನ ಬಲ ಮೊಣಕಾಲು ಮುರಿಯಿತು. ಆಸ್ಪತ್ರೆಯ ಜಗಲಿಯಲ್ಲಿ ನೀನು ನನ್ನ ಕೈ ಹಿಡಿದು, "ನನ್ನಿಂದ ಆಯ್ತು ಕಣೋ. ತಿರುಗಿಸ್ದೆ, ತಿರುಗ್ಲಿಲ್ಲ. ನಂಗೇ ಬರ್ಲಿಲ್ಲ" ಎಂದು ಅತ್ತೆ. ಪಕ್ಕದಲ್ಲಿ ನಿಂತಿದ್ದ ದೊಡ್ಡಪ್ಪ, "ನಮ್ಮನೆ ಹೆಣ್ಮಕ್ಕಳಿಗೆ ಇದು ಆಗಿಬರಲ್ಲ ಅಂತ ನಾನ್ ಅವತ್ತೇ ಹೇಳಿದ್ದೆ" ಅಂದರು. ಆಗ ನನಗೆ ಏನಾಯಿತು ಗೊತ್ತಾ ಅಕ್ಕ? ಸಮಾಧಾನವಾಯಿತು. ಅವ್ವ ಒಳಗೆ ನರಳುತ್ತಿದ್ದಾಗ, ನೀನು ಎದುರಿಗೆ ಅಳುತ್ತಿದ್ದಾಗ, ನನ್ನ ಮೇಲೆ ಬರಲಿಲ್ಲವಲ್ಲ ಎಂಬ ಸಮಾಧಾನ. ನನ್ನ ಮೇಲೆ ನನಗೆ ಹೇಸಿಗೆ ಹುಟ್ಟಿದ್ದು ಅದಕ್ಕೆ.

ಮಾರನೇ ದಿನ ಗುರುವಯ್ಯನ ಜೊತೆ ಜೀಪು ತರಲು ಹೋದೆ. ಅವನು ಕೆಳಗೆ ತೂರಿ, ಎಡಗಡೆಯ ಕೀಲಿನ ಗುಂಡು ಗೂಡಿನಿಂದ ಕಳಚಿ ನೇತಾಡುತ್ತಿದ್ದುದನ್ನು ತೋರಿಸಿದ. ಆಮೇಲೆ ರಸ್ತೆಯ ಮೇಲಿನ ಟೈರಿನ ಗುರುತು ನೋಡಿಕೊಂಡು ನಡೆದು ಬಂದು ಅಂದ: "ಅಕ್ಕಾವ್ರ ತಪ್ಪಲ್ಲ ಮಾರಾಯ ಇದು. ಕೀಲು ಬಿಟ್ಮೇಲೆ ಯಾರೂ ಏನೂ ಮಾಡಂಗಿಲ್ಲ. ಇವ್ರು ಬ್ರೇಕ್ ಒತ್ತಿ ಒತ್ತಿ ದಿಬ್ಬಕ್ಕೆ ತಾಗಿಸವ್ರೆ. ನೀನೋ ನಾನೋ ಆಗಿದ್ರೆ ಆ ಕಡೆ ಕಣಿವೆಗೆ ಹೋಗ್ತಿದ್ವಿ. ಮನೇಲಿ ಹೇಳು." ಹೇಳುತ್ತೇನೆ ಅಂದೆ. ಅವನು ಆಮೇಲೂ ಎರಡು ಸಲ ಕೇಳಿದ, ಹೇಳಿದೆ ಎಂದು ಸುಳ್ಳು ಹೇಳಿದೆ.

ಅಂದರೆ ಅವ್ವನನ್ನು ಉಳಿಸಿದವಳು ನೀನು. ಅದನ್ನು ನಾನು ನಿನ್ನಿಂದ ಕದ್ದು ಇಟ್ಟುಕೊಂಡೆ. ನೀನು ಎಂಟು ವರ್ಷ, ಬಂದಾಗಲೆಲ್ಲ ಅವ್ವನ ಕಾಲಿಗೆ ಎಣ್ಣೆ ನೀವಿದೆ, ತಪ್ಪುಕಾಣಿಕೆ ಸಲ್ಲಿಸುವವಳ ಹಾಗೆ. ನಾನು ಎಣ್ಣೆ ಬಿಸಿ ಮಾಡಿ ತಂದುಕೊಟ್ಟೆ, ಅಷ್ಟೇ. ಅವತ್ತಿನಿಂದ ನೀನು ಸ್ಟಿಯರಿಂಗ್ ಮುಟ್ಟಲಿಲ್ಲ. ಆಲ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಎರಡು ಕೈಯಲ್ಲೂ ಚೀಲ ಹಿಡಿದು ನೀನು ನಿಂತಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಒಂದು ಸಲ ನಿಲ್ಲಿಸದೆ ಹೋಗಿದ್ದೇನೆ. ಅವ್ವ ಹೋಗುವ ಮುಂಚೆ ಅವಳಿಗಾದರೂ ಹೇಳಬೇಕಿತ್ತು. ಇವತ್ತು, ನಾಳೆ ಎನ್ನುತ್ತಿದ್ದಂತೆ ಅವಳೇ ಹೊರಟುಹೋದಳು.

ಈಗ ಯಾಕೆ ಬರೆಯುತ್ತಿದ್ದೇನೆಂದರೆ, ನೀನು ಬೇಡ ಎಂದರೂ ಧನ್ಯಾ ಹೋದ ಭಾನುವಾರ ಬಂದು ಜೀಪು ಕಲಿಸಿ ಎಂದಳು. ನಿನ್ನ ಹಟವೇ. ಓಡಿಸುವ ಮುಂಚೆ ಜೀಪು ನೋಡುವುದನ್ನು ಕಲಿ ಎಂದು, ಅವಳನ್ನು ಸೀಟಿನಲ್ಲಿ ಕೂರಿಸಿ ಸ್ಟಿಯರಿಂಗನ್ನು ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪ ತಿರುಗಿಸಲು ಹೇಳಿ, ನಾನು ಕೆಳಗೆ ಕೀಲಿನ ಮೇಲೆ ಕೈಯಿಟ್ಟೆ. ಅದೇ ಎಡಗಡೆ, ಅದೇ ಕಟಕ್. ಅವಳೂ ಇಳಿದು ಕೈಯಿಟ್ಟು ನೋಡಿದಳು. "ಮಾವ, ಹಿಂಗೆ ಗೊತ್ತಾದ್ರೆ ಏನ್ಮಾಡ್ಬೇಕು?" ಎಂದಳು. "ಅವತ್ತೇ ಬಿಚ್ಚಿ ಹೊಸದು ಹಾಕ್ಬೇಕು" ಅಂದೆ. ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಕೇಳಿದಳು: "ಹಂಗಾದ್ರೆ ಅವತ್ತು ಅಮ್ಮಂಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗಿತ್ತು" ಅಂದೆ. ಉಳಿದದ್ದನ್ನು ಮೊದಲು ಕೇಳಬೇಕಾದವಳು ನೀನು. ಅದಕ್ಕೇ ಈ ಕಾಗದ.

ಮಾರನೇ ದಿನವೇ ಗುರುವಯ್ಯನ ಶೆಡ್ಡಿನಲ್ಲಿ ನಾನೇ ಬಿಚ್ಚಿದೆ. ಸವೆದದ್ದು ಎಡಗಡೆಯದು ಮಾತ್ರವಾದರೂ ಎರಡೂ ಕಡೆ ಹೊಸದು ಹಾಕಿದೆ. ಹಳೆಯದನ್ನು ಎಷ್ಟು ಸುತ್ತು ಬಿಚ್ಚಿದೆನೋ ಅಷ್ಟೇ ಸುತ್ತು ಎಣಿಸಿ ಹೊಸದನ್ನು ತಿರುಗಿಸಿದೆ, ಚಕ್ರ ಸೊಟ್ಟಗಾಗಬಾರದಲ್ಲ. ನಟ್ಟು ಬಿಗಿದು ಪಿನ್ನು ಹಾಕಿದೆ. ಊಟದ ಹೊತ್ತಿಗೆ ಕೆಲಸ ಮುಗಿದಿತ್ತು. ಅರ್ಧ ದಿನದ ಕೆಲಸ ಅಕ್ಕ. ಅರ್ಧ ದಿನ.

ಡಬ್ಬಿಯಲ್ಲಿ ಇರುವುದು ದೇವರಮನೆಯ ಇಳಿಜಾರಿನಲ್ಲಿ ಕಳಚಿದ ಅವತ್ತಿನ ಕೀಲು. ಎಸೆಯಲು ಧೈರ್ಯ ಬರಲಿಲ್ಲ. ಗುಂಡನ್ನು ಗೂಡಿಗೆ ಕೂರಿಸಿದರೆ ಹೇಗೆ ಕುಣಿಯುತ್ತದೆ ನೋಡು. ಬೇಕಾದರೆ ನನ್ನ ತಲೆಗೆ ಬೀಸಿ ಒಗೆ, ತಪ್ಪಿಸಿಕೊಳ್ಳುವುದಿಲ್ಲ. ಭಾನುವಾರ ಅವ್ವನ ಎಡೆಗೆ ಎಲ್ಲರೂ ಸೇರುತ್ತಾರೆ. ಎಡೆಯ ಮುಂದೆ, ದೊಡ್ಡಪ್ಪನ ಎದುರಿಗೇ, ಇದಿಷ್ಟನ್ನೂ ಹೇಳುತ್ತೇನೆ. ನೀನು ಕ್ಷಮಿಸಬೇಕೆಂದು ಕೇಳುವುದಿಲ್ಲ. ನನ್ನ ಜೊತೆ ಮಾತು ಬಿಟ್ಟರೂ ನ್ಯಾಯವೇ. ಆದರೆ ನಿನಗೆ ಬರುವುದಿಲ್ಲ ಎಂದು ಇನ್ನೊಂದು ದಿನವೂ ನಂಬಬೇಡ. ಧನ್ಯಾಗೆ ನೀನೇ ಕಲಿಸು. ಇಳಿಜಾರಿನಲ್ಲಿ ಗೇರಿನಲ್ಲೇ ಇಳಿಸುವುದು ನನಗೆ ಇವತ್ತಿಗೂ ಬರುವುದಿಲ್ಲ.

ಧನ್ಯಾಳ ಕೈಯಲ್ಲಿ ಜೀಪಿನ ಕೀ ಕೂಡ ಇದೆ. ಜೀಪು ನಿಮ್ಮ ಗೇಟಿನ ಹೊರಗೆ ನಿಂತಿದೆ, ಗುರುವಯ್ಯ ತಂದು ಬಿಟ್ಟಿದ್ದಾನೆ. ಗೇರು, ಹಾರನ್, ಎಲ್ಲ ಸರಿ ಮಾಡಿಸಿದ್ದೇನೆ. ಪದ್ಧತಿಯಂತೆ ಕೀ ಜೊತೆ ಹೇಳಬೇಕಾದ ದೋಷ ಒಂದೇ ಉಳಿದಿತ್ತು, ಅದನ್ನು ಮೇಲೆ ಬರೆದಿದ್ದೇನೆ. ಭಾನುವಾರ ಬಸ್ಸಿಗೆ ಕಾಯಬೇಡ, ಓಡಿಸಿಕೊಂಡು ಬಾ.

ಅವ್ವನ ಆಶೀರ್ವಾದ ನಿನ್ನ ಮೇಲಿರಲಿ. ಅದು ಯಾವತ್ತೂ ನಿನ್ನದೇ ಆಗಿತ್ತು.

ಭಾನುವಾರ ನಮ್ಮ ಗೇಟಿನಲ್ಲಿ ಕಾಯುವ,
ನಿನ್ನ ತಮ್ಮ
ಮಲ್ಲೇಶಿ