ನಡುವೆ ಎದ್ದು ಹೋಗುವವನು

ತುಬಚಿ
ಬುಧವಾರ

ನಾನೇ ಪದ ಹಾಡಲು ಕಲಿಸಿದ ಲಗಮಣ್ಣನಿಗೆ,

"ಕಾಕಾ ಪದದ ನಡುವ ಉಚ್ಚಿಗೆ ಎದ್ದು ಹೊಕ್ಕಾನ, ಮೇಳದ ಮರ್ಯಾದಿ ಹೋಗತೈತಿ" ಎಂದು ಡೊಳ್ಳಿನ ಮೇಳದಿಂದ ನನ್ನನ್ನು ತೆಗೆದೆಯಂತೆ. ಖರೆ, ಪ್ರೊಸ್ಟೇಟ್ ಕ್ಯಾನ್ಸರ್ ಕುಳಿತಲ್ಲಿ ಕುಳಿತಿರಲು ಬಿಡುವುದಿಲ್ಲ. ಆದರೆ ಹಾಡು ಬಿಡು ಎಂದು ಡಾಕ್ಟರು ಹೇಳಿಲ್ಲ.

ಸೋಮವಾರ ಬೀರಪ್ಪನ ಗುಡಿಯಲ್ಲಿ ನಿನ್ನೆದುರು ಹಾಡುವ ತೇರದಾಳದ ಮೇಳಕ್ಕೆ ಸೇರಿದ್ದೇನೆ. ಸವಾಲಿನ ಪದ ನಾನೇ ಹಾಡುತ್ತೇನೆ. ಉತ್ತರ ಬಾರದ ಮೇಳ ಸೋತಂತೆ. ನಿನಗೆ ಉತ್ತರಗಳನ್ನೆಲ್ಲ ಕಲಿಸಿದವನೂ ನಾನೇ. ಒಂದನ್ನು ಮಾತ್ರ ಕಲಿಸಿಲ್ಲ.

ಹಾಡುವಾಗ ಹೊದೆಯುವ ನನ್ನ ಕಂಬಳಿ ನಿನ್ನ ಮನೆಯಲ್ಲೇ ಉಳಿದಿದೆ, ಬರುವಾಗ ತೆಗೆದುಕೊಂಡು ಬಾ. ಉತ್ತರ ಹೊಳೆಯದಿದ್ದರೂ ಎಲ್ಲರೆದುರು ಕುಳಿತೇ ಇರು, ತಮ್ಮಾ. ನಡುವೆ ಎದ್ದು ಹೋಗುವವನು ನಾನಲ್ಲವೇ.

ನಿನ್ನ ಕಾಕಾ
ಮಾಳಪ್ಪ