ಒಂದೇ ಜೊತೆ ಚಪ್ಪಲಿ

ಒಣಶ್ರಾವಣದ ಮೂವತ್ತೆಂಟನೆಯ ದಿನ, ಎರಡನೆಯ ಎಣಿಕೆಯ ವರ್ಷ

ಹಿಂದಿನವರೇ,

ನಮ್ಮ ತಿಂಗಳುಗಳು ನಿಮ್ಮವಕ್ಕಿಂತ ಉದ್ದ. ಒಂದು ಮಳೆಯಾದರೂ ಬೀಳುವವರೆಗೆ ಶ್ರಾವಣ ಮುಗಿಯಿತೆಂದು ನಾವು ಒಪ್ಪುವುದಿಲ್ಲ. ಈ ಕಾಗದದ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಧ್ವನಿಮುದ್ರಣಗಳನ್ನು ಕೇಳಿ ಬರೆದಿಡುವುದು ನನ್ನ ಉದ್ಯೋಗ. ಆದ್ದರಿಂದ ನಿಮ್ಮ ಮಾತಿನ ಪರಿಚಯ ನನಗಿದೆ. ಪರಿಚಯ ಬೇರೆ, ಅರ್ಥವಾಗುವುದು ಬೇರೆ ಎಂದು ಮಾತ್ರ ಈಚೆಗೆ ತಿಳಿಯಿತು. ನಾನು ಬರೆಯುತ್ತಿರುವುದು ನಿಮ್ಮದೇ ಒಂದು ಮಾತಿನ ಬಗ್ಗೆ.

ನಮ್ಮ ಊರು ರಾಯಚೂರಿನ ಕಡೆಯ ಹಳೆಯ ಬಂಡೆಗಳ ಒಳಗಿದೆ. ಮನೆಗಳನ್ನು ಕಟ್ಟುವುದಿಲ್ಲ, ಕೊರೆಯುತ್ತೇವೆ. ಬೆಳಿಗ್ಗೆ ಹೊರಗಿಟ್ಟ ಬಿಸಿಲುಹಂಚಿನ ಮೇಲೆ ರೊಟ್ಟಿ ತಾನೇ ಬೇಯುತ್ತದೆ. ಮಧ್ಯಾಹ್ನ ಯಾರೂ ಹೊರಗೆ ಬರುವುದಿಲ್ಲ. ಸಂಜೆಯೇ ನಮ್ಮ ಹಗಲು. ನೀರು ಬಹಳ ಆಳದ ಬಾವಿಗಳಿಂದ ಬರುತ್ತದೆ. ಆ ಬಾವಿಗಳಿಗಿಳಿದು, ಬಂಡೆಗೆ ಕಿವಿಯಿಟ್ಟು, ನೀರು ಯಾವ ಕಡೆ ಸರಿದಿದೆ ಎಂದು ಕೇಳಿ ದಾರಿ ಬಿಡಿಸುವವರನ್ನು ಸೆಲೆಗಾರರು ಎನ್ನುತ್ತೇವೆ. ಊರಿನ ಕೆಲಸಗಳಲ್ಲೆಲ್ಲ ಕಷ್ಟದ್ದು ಅದೇ.

ಇಲ್ಲಿ ಯಾವ ವಿದ್ಯಾರ್ಥಿಯೂ ತನ್ನ ಕೆಲಸವನ್ನು ಒಂಟಿಯಾಗಿ ಹುಡುಕುವುದಿಲ್ಲ. ಅವರಿಗೊಬ್ಬರು ಜೊತೆನೋಟದವರು ಇರುತ್ತಾರೆ: ಜೊತೆಗೆ ಕೂತು ಉಣ್ಣುವ, ಕೆಲಸದ ಜಾಗಗಳಿಗೆ ಜೊತೆಗೆ ನಡೆಯುವ, ಹೆದರಿಕೆ ಕೆಲಸದ್ದೋ ಮನೆಯದೋ ಎಂದು ಬಿಡಿಸಿಕೊಳ್ಳಲು ನೆರವಾಗುವ ಹಿರಿಯರು. ಮೊದಲ ಭೇಟಿಯ ಕೊನೆಯಲ್ಲಿ, ವಿದ್ಯಾರ್ಥಿ ತನ್ನ ಆಸೆ ಹೇಳಿದ ಮೇಲೆ, ಹಿರಿಯರು ಒಂದೇ ಮಾತು ಆಡುತ್ತಾರೆ: ನೋಡೋಣ. ನಮ್ಮಲ್ಲಿ ಅದು ಪ್ರತಿಜ್ಞೆ. ನಿನ್ನ ಜೊತೆ ನಾನೂ ನೋಡುತ್ತೇನೆ, ನಿನಗೆ ಕಾಣುವವರೆಗೆ ಕೈಬಿಡುವುದಿಲ್ಲ ಎಂದು ಅರ್ಥ. ಹಾಗೆ ಹೇಳಿದ ಮೇಲೆ ಹಿರಿಯರು ತಾವಾಗಿ ಕರೆಯುವಂತಿಲ್ಲ. ತಮ್ಮ ಆಸೆಯ ಕಡೆಗೆ ಮಕ್ಕಳನ್ನು ಎಳೆಯಬಾರದೆಂದು, ಎರಡನೆಯ ಹೆಜ್ಜೆಯನ್ನು ವಿದ್ಯಾರ್ಥಿಗೇ ಬಿಟ್ಟಿದ್ದೇವೆ.

ಈ ಪದ್ಧತಿಯನ್ನು, ಈ ಊರು ಕೊರೆದ ನಮ್ಮ ಮೊದಲಿಗರು ನಿಮ್ಮಿಂದ ಕಲಿತರು. ಉಳಿದಿದ್ದ ಧ್ವನಿಗಳಲ್ಲಿ, ನಿಮ್ಮ ಶಾಲೆಗಳ ಕೋಣೆಗಳಲ್ಲಿ, ಹುಡುಗನೋ ಹುಡುಗಿಯೋ ಅಂಜುತ್ತಾ ತನ್ನ ಆಸೆ ಹೇಳಿದಾಗಲೆಲ್ಲ ದೊಡ್ಡವರು ಕೊಡುತ್ತಿದ್ದ ಉತ್ತರ ಅದೇ. ಅದಾದ ಮೇಲೆ ಕುರ್ಚಿ ಸರಿದ ಸದ್ದು, ಚಪ್ಪಲಿಯ ಸದ್ದು. ಇಬ್ಬರೂ ಎದ್ದು ಒಟ್ಟಿಗೆ ನೋಡಲು ಹೋದರು ಎಂದು ಮೊದಲಿಗರು ತಿಳಿದರು. ಎಲ್ಲವನ್ನೂ ಕಳೆದುಕೊಂಡು ಬಂದವರು. ಅವರಿಗೆ ಹಾಗೇ ಕೇಳಿಸಿರಬೇಕು.

ಹೊಳೆವ್ವ ಹಿನ್ನೀರಿನವಳು. ಬತ್ತಿದ ಅಣೆಕಟ್ಟಿನ ಹೂಳಿನ ಮೇಲೆ ತಲೆಮಾರುಗಳಿಂದ ಬೇರೆಯಾಗಿಯೇ ಬದುಕಿದ ಆ ಜನ ನಮ್ಮೊಂದಿಗೆ ಸೇರಿ ಹೆಚ್ಚು ಕಾಲವಾಗಿಲ್ಲ. ಅವಳಿಗೆ ಜೊತೆನೋಟದವರಾಗಿ ಸಿಕ್ಕಿದ್ದು ನಮ್ಮ ಓಣಿಯ ಗುರುಬಾಯಿ ಅಕ್ಕೋರು. ಮೊದಲ ಸಂಜೆ ಅಕ್ಕೋರ ಮನೆಯ ಊಟದ ಪಂಕ್ತಿಯಲ್ಲಿ ನಾನೂ ಇದ್ದೆ. ಎರಡನೆಯ ರೊಟ್ಟಿ ಬೇಡವೆಂದ ಹುಡುಗಿಯನ್ನು ಅಕ್ಕೋರು, ಊಟಕ್ಕೇ ಇಷ್ಟು ನಾಚುವವಳು ನಾಳೆ ಏನು ಕೇಳುತ್ತೀ ಎಂದು ಛೇಡಿಸಿದರು. ಅವಳು ನಕ್ಕು ಗೋಡೆಗೆ ಒರಗಿದಳು. ಒರಗಿದವಳು ಹಾಗೇ ಕಿವಿಗೊಟ್ಟು ಕೂತಳು.

“ಅಕ್ಕೋರ, ನಿಮ್ಮ ಗೋಡಿ ಹಿಂದ ನೀರೈತ್ರಿ.”

“ಅದು ನಮ್ಮ ನೆರೆಮನಿಯಾಂವನ ಹೊಟ್ಟಿ ಸಪ್ಪಳ ಇರಬೇಕವಾ,” ಎಂದರು ಅಕ್ಕೋರು, ನನ್ನ ಕಡೆ ನೋಡಿ.

ನೀರೇ ಇತ್ತು, ಆಮೇಲೆ ಕೊರೆದವರಿಗೆ ಸಿಕ್ಕಿತು. ಆ ಸಂಜೆ ಹೊಳೆವ್ವ, ತಾನು ಸೆಲೆಗಾರ್ತಿ ಆಗಬೇಕು ಎಂದಳು. ಇಂಥ ಕಿವಿಯನ್ನು ಅಕ್ಕೋರು ಎಂದೂ ಕಂಡಿರಲಿಲ್ಲ. ತುಂಬಿದ ಮನಸ್ಸಿನಿಂದ, ನೋಡೋಣ ಎಂದರು. ಹುಡುಗಿ ತಲೆ ತಗ್ಗಿಸಿ, ಕೈಮುಗಿದು ಹೊರಟಳು. ಆ ಮಾತಿಗೆ ನಮ್ಮ ಮಕ್ಕಳೂ ತಲೆಬಾಗುತ್ತಾರೆ. ನಮಗೆ ವ್ಯತ್ಯಾಸ ಕಾಣಲಿಲ್ಲ.

ಅವಳು ಮತ್ತೆ ಬರಲಿಲ್ಲ. ಸಂಜೆ ಸಂಜೆಗೂ ಅಕ್ಕೋರ ಹಂಚಿನ ಮೇಲೆ ಒಬ್ಬರಿಗೆ ಹೆಚ್ಚಾಗುವಷ್ಟು ರೊಟ್ಟಿ ಇರುತ್ತಿತ್ತು. ಹೊಸಬರು ಬಾವಿಗಿಳಿದು ಕಲಿಯುವ ಕಾಲ ಬಂದು, ಉಳಿದ ಹಿರಿಯರ ಜೊತೆಯ ಮಕ್ಕಳು ಇಳಿದರು. ಒಮ್ಮೆ ಹೋಗಿ ವಿಚಾರಿಸಬಾರದೇ ಎಂದು ನಾನು ಕೇಳಿದೆ.

“ಕರದ್ರ ಅದು ನನ್ನ ಆಸೆ ಆಗತೈತಿ,” ಎಂದರು.

ಕೊನೆಗೆ ಅಕ್ಕೋರು ಪದ್ಧತಿ ಮೀರಿ ಹಿನ್ನೀರಿಗೆ ಹೋದದ್ದು, ಆ ಕಾಲ ಮುಗಿದು ಬಾವಿಗಳ ಬಾಯಿ ಮುಚ್ಚಿದ ಮೇಲೆ. ಅಲ್ಲಿ ಹೊಳೆವ್ವನ ದೊಡ್ಡವ್ವ ಚಾಪೆ ಹಾಸಿ, ನೀರು ಕೊಟ್ಟು, ಬಹಳ ಮರ್ಯಾದೆಯಿಂದ ಮಾತಾಡಿದಳಂತೆ.

“ನೀವು ನೋಡೂಣು ಅಂದ್ರಂತ, ಬಂದು ಹೇಳಿದ್ಳು. ಮಾರಿ ಮ್ಯಾಲ ಇಲ್ಲ ಅನಬಾರ್ದಂತ ದೊಡ್ಡವರು ಹಂಗ ಅಂತಾರ, ನಮಗ ತಿಳೀತೈತ್ರಿ ಅಕ್ಕೋರ. ನಿಮ್ಮ ಮ್ಯಾಲ ಆಕಿ ಒಂದು ಮಾತೂ ಆಡಿಲ್ಲ.”

ಆ ಮೊದಲ ಸಂಜೆಯ ಮರುದಿನವೇ ಹೊಳೆವ್ವ ಹೂಳು ಎತ್ತುವ ಯಂತ್ರದ ಕೆಲಸಕ್ಕೆ ಸೇರಿದ್ದಳು. ಆ ಯಂತ್ರದ ಒಳಗೆ ನಿಂತು ಕೆಲಸ ಮಾಡುವವರ ಕಿವಿ ಬಹಳ ಕಾಲ ಬಾಳುವುದಿಲ್ಲ. ಅವಳದು ಬೇರೆಯವರದಕ್ಕಿಂತ ಬೇಗ ಹೋಯಿತು; ಹೆಚ್ಚು ಕೇಳುತ್ತಿದ್ದ ಕಿವಿ. ಅಕ್ಕೋರು ಅವಳ ಎರಡೂ ಕೈ ಹಿಡಿದು, ಆ ಮಾತಿಗೆ ನಮ್ಮಲ್ಲಿ ಏನರ್ಥ ಎಂದು ವಿವರಿಸಿದರು. ಅವಳು ತುಟಿಗಳನ್ನೇ ನೋಡುತ್ತಿದ್ದಳು. ಅಷ್ಟೂ ಮಾತಿನಲ್ಲಿ ಅವಳ ಕಣ್ಣಿಗೆ ಗುರುತು ಸಿಕ್ಕಿದ್ದು ಅದೇ ಒಂದು ಪದ. ಮತ್ತೆ ಹಾಗೆಯೇ ತಲೆ ತಗ್ಗಿಸಿ, ಅಕ್ಕೋರ ಉಡಿಗೆ ಎರಡು ಬೊಗಸೆ ಶೇಂಗಾ ಹಾಕಿ ಕಳಿಸಿಕೊಟ್ಟಳು.

ಅಕ್ಕೋರು ಈಗ ಯಾರಿಗೂ ಜೊತೆನೋಟದವರಾಗಿಲ್ಲ. ಸಂಜೆ ಊಟವಾದ ಮೇಲೆ ಅಡುಗೆಮನೆಯ ಗೋಡೆಗೆ ಕಿವಿಯಿಟ್ಟು ಕೂರುತ್ತಾರೆ. ಏನಾದರೂ ಕೇಳುತ್ತದೆಯೇ ಎಂದು ನಾನು ವಿಚಾರಿಸುವುದಿಲ್ಲ.

ನಾನು ನನ್ನ ಕೋಣೆಗೆ ಹೋಗಿ ನಿಮ್ಮ ಧ್ವನಿಗಳನ್ನು ಮತ್ತೆ ಕೇಳಿದೆ, ಮಾತುಗಳನ್ನು ಬಿಟ್ಟು ಬರೀ ಸದ್ದುಗಳನ್ನು. ಯಾವುದೋ ಶಾಲೆ, ಪಂಖದ ಕಿರುಗುಟ್ಟುವ ಸದ್ದು, ಒಂದು ಎಳೆಯ ದನಿ, ಆಮೇಲೆ ನೋಡೋಣ. ಕುರ್ಚಿ ಸರಿಯುತ್ತದೆ, ಆದರೆ ಮೇಜಿನ ಕಡೆಗೆ. ಬಾಗಿಲಿನತ್ತ ಹೋಗುವುದು ಒಂದೇ ಜೊತೆ ಚಪ್ಪಲಿ, ನಿಧಾನವಾಗಿ. ಇನ್ನೊಂದು ಮುದ್ರಣವನ್ನೂ ಹಾಕಿ ಕೇಳಿದೆ. ಅದರಲ್ಲೂ ಒಂದೇ. ಹಿನ್ನೀರಿನವರು ನಿಮ್ಮ ಮಾತನ್ನು ಸರಿಯಾಗಿಯೇ ಕಾಪಾಡಿಕೊಂಡು ಬಂದಿದ್ದರು. ತಪ್ಪಾಗಿ ಕೇಳಿಸಿಕೊಂಡವರು ನಾವು. ಆ ತಪ್ಪಿನ ಮೇಲೆ ಇಡೀ ಊರು ತನ್ನ ಮಕ್ಕಳನ್ನು ಬೆಳೆಸಿದೆ, ಬಹುಪಾಲು ಚೆನ್ನಾಗಿಯೇ. ಇದನ್ನು ಅಕ್ಕೋರಿಗೆ ನಾನು ಹೇಳಿಲ್ಲ.

ಈ ಕಾಗದ ನಿಮ್ಮನ್ನು ಮುಟ್ಟೀತೇ ಎಂದು ಇಲ್ಲಿ ಯಾರಾದರೂ ಕೇಳಿದರೆ ಯಾವ ಪದದಲ್ಲಿ ಉತ್ತರ ಕೊಡಬೇಕೋ ತಿಳಿಯದು. ಮುಟ್ಟಿದರೆ, ಒಂದೇ ಕೋರಿಕೆ. ಇಲ್ಲ ಎನ್ನುವುದಿದ್ದರೆ ಇಲ್ಲ ಎನ್ನಿ; ಮಕ್ಕಳು ಬೇರೆ ಬಾಗಿಲು ಹುಡುಕಿಕೊಳ್ಳುತ್ತಾರೆ. ನೋಡೋಣ ಎಂದಿರಾದರೆ ದಯವಿಟ್ಟು ನೀವೂ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಬಾಗಿಲಿನವರೆಗಾದರೂ ಜೊತೆಗೆ ನಡೆಯಿರಿ. ಇನ್ನೂ ನಾನು ಕೇಳದ ಮುದ್ರಣಗಳು ಬಹಳ ಇವೆ. ದಿನವೂ ಒಂದೊಂದನ್ನು ಹಾಕುತ್ತೇನೆ. ಆ ಮಾತು ಬಂದಾಗ ಉಸಿರು ಹಿಡಿದು, ಎರಡನೆಯ ಜೊತೆಯ ಸದ್ದಿಗೆ ಕಾಯುತ್ತೇನೆ.