ಮಧ್ಯದ ಸೀಟಿಗೆ ಎಷ್ಟು ನಕ್ಷತ್ರ?

ಕಾರುಗಳಿಗೆ ಸುರಕ್ಷತೆಯ ನಕ್ಷತ್ರ ಹಂಚುವ ಮಾನ್ಯ ಅಧಿಕಾರಿಗಳೇ,

ನಮ್ಮ ಅತ್ತೆಯವರ ಕತ್ತಿಗೆ ಪಟ್ಟಿ ಬಿದ್ದಿದೆ. ನಿಮ್ಮ ಲೆಕ್ಕದಲ್ಲಿ ಅವರು ಕಾರಿನೊಳಗೆ ಇರಲೇ ಇಲ್ಲ. ಅದಕ್ಕೇ ಈ ಪತ್ರ.

ಸಿಗ್ನಲ್ಲಿನಲ್ಲಿ ನಿಂತಿದ್ದ ನಮ್ಮ ಕಾರಿಗೆ ಹಿಂದಿನಿಂದ ವ್ಯಾನೊಂದು ಗುದ್ದಿತು. ಒಳಗೆ ಐದು ಜನ. ಓಡಿಸುತ್ತಿದ್ದವರು ಯಜಮಾನರು, ಕಾಲು ಉದ್ದವೆಂದು ಮಗ ಮುಂದೆ, ವಾಂತಿ ಬರುತ್ತದೆಂದು ನಾನು ಒಂದು ಕಿಟಕಿಗೆ, ಹಟ ಮಾಡುತ್ತಾಳೆಂದು ಮಗಳು ಇನ್ನೊಂದಕ್ಕೆ. ಯಾವುದಕ್ಕೂ ಬೇಡವೆನ್ನದ ಅತ್ತೆ ನಡುವೆ. ಯಾವ ಸಂಸಾರದಲ್ಲೂ ನಡುವಿನ ಸೀಟು ಬಾಯಿಲ್ಲದವರದ್ದೇ ತಾನೆ? ನಮ್ಮ ನಾಲ್ವರ ತಲೆಗೂ ಹಿಂದೆ ಆಸರೆಯಿತ್ತು, ಹೆಗಲ ಮೇಲೆ ಬೆಲ್ಟಿತ್ತು. ತರಚು ಗಾಯವೂ ಆಗಲಿಲ್ಲ. ಅತ್ತೆಗೆ ಸೊಂಟಕ್ಕೊಂದು ಬೆಲ್ಟು, ತಲೆಯ ಹಿಂದೆ ಬರೀ ಗಾಳಿ. ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಾ ಬರುವುದು ಅವರ ಸಂತೋಷ. ಅವತ್ತು ಒಂದು ಬೋರ್ಡು ಅರ್ಧಕ್ಕೇ ನಿಂತಿತು.

ಆ ಕಾರು ಗುಜರಿಗೆ ಹೋಯಿತು, ನಾವು ಹೊಸದನ್ನು ನೋಡಲು ಹೊರಟೆವು. ನಾನು ಮೊದಲೇ ಪುಕ್ಕಲಿ. ಬೀಗ ಹಾಕಿ ಬೀದಿಯ ಕೊನೆಗೆ ಹೋದವಳು ವಾಪಸ್ ಬಂದು ಎಳೆದು ನೋಡುವವಳು. ಓದು ಏಳನೇ ಕ್ಲಾಸಿಗೇ ನಿಂತಿತಾದರೂ ನಕ್ಷತ್ರ ಎಣಿಸಲು ಅಷ್ಟು ಸಾಕು. ಅಂಗಡಿಯ ಟೀವಿಯಲ್ಲಿ ನಿಮ್ಮ ಪರೀಕ್ಷೆ ತೋರಿಸಿದರು. ಕಾರು ಗೋಡೆಗೆ ಗುದ್ದಿತು. ಮುಂದೆ ಎರಡು ಗೊಂಬೆ, ಹಿಂದೆ ಕಿಟಕಿಗೊಂದರಂತೆ ಎರಡು ಮಕ್ಕಳ ಗೊಂಬೆ. ನಡುವೆ ಯಾರೂ ಇಲ್ಲ. ಎಂಥ ಚೊಕ್ಕ ಸಂಸಾರ! ಗೊಂಬೆಗಳಿಗೆ ಅತ್ತೆ ಇಲ್ಲವೇ, ಸ್ವಾಮಿ? ಅವರ ಮನೆಗೆ ನೆಂಟರಿಷ್ಟರೂ ಬರುವುದಿಲ್ಲವೇ?

"ಐದು ಸ್ಟಾರ್ ಗಾಡಿ ಮೇಡಂ, ಕಣ್ಮುಚ್ಕೊಂಡು ತಗೊಳ್ಳಿ" ಎಂದ ಮಾರುವ ಹುಡುಗ.

"ನಡುವೆ ಕೂತೋರಿಗೆ ಎಷ್ಟು ಸ್ಟಾರಪ್ಪ?"

"ಅಲ್ಲಿ ಯಾರು ಮೇಡಂ ದಿನಾ ಕೂರ್ತಾರೆ? ನೋಡಿ, ಹೀಗೆ ಮಡಚಿದ್ರೆ ಲೋಟ ಇಡೋಕೆ ಜಾಗ."

ನೋಡಿದೆ. ಲೋಟ ಅಲುಗದಂತೆ ಹಿಡಿಯಲು ಎಷ್ಟು ಚೆಂದದ ಗುಳಿ! ತಿರುವಿನಲ್ಲಿ ಕಾಫಿ ತುಳುಕಬಾರದೆಂಬ ಕಾಳಜಿ ಇರುವ ಕಾರಿನಲ್ಲಿ ಕತ್ತು ಉಳುಕಿದರೇನು ಬಿಡಿ. ಅದೇ ಕಾರಿನ ಕಾಗದದಲ್ಲಿ 'ಐದು ಜನಕ್ಕೆ' ಎಂದು ಬರೆದದ್ದಕ್ಕೆ ನಿಮ್ಮದೇ ಮೊಹರು. ಪರೀಕ್ಷೆ ನಾಲ್ವರಿಗೆ, ಪರವಾನಗಿ ಐವರಿಗೆ. ಈ ಗಣಿತ ಎಂಟನೇ ಕ್ಲಾಸಿನಲ್ಲಿ ಹೇಳಿಕೊಡುತ್ತಾರೇನೋ, ನನಗೆ ತಪ್ಪಿಹೋಯಿತು.

ಮನೆಗೆ ಬಂದ ಮೇಲೆ, ಆ ಕಾರು ಕೊಂಡರೆ ನಡುವೆ ಯಾರು ಕೂರಬೇಕೆಂದು ಜಗಳ. ನಾನು ಕೂರುತ್ತೇನೆಂದೆ, ಹಾಗಾದರೆ ಬಕೆಟ್ಟಿಗೂ ಒಂದು ಸೀಟು ಬೇಕೆಂದು ಯಜಮಾನರು ಹಂಗಿಸಿದರು. ಮಗ ತಾನೆಂದ, ಅವನ ತಲೆಯೋ ಎಲ್ಲರಿಗಿಂತ ಎತ್ತರ. ಆಗ ಅತ್ತೆ ಮೆಲ್ಲಗೆ, "ಜಗಳ ಯಾಕ್ರೋ? ನೀವು ನಾಲ್ಕು ಜನ ಹೋಗ್ಬನ್ನಿ, ನಾನು ಮನೇಲಿರ್ತೀನಿ. ನಿನಗೂ ಬೀಗದ ಚಿಂತೆ ತಪ್ಪುತ್ತೆ ಕಣಮ್ಮ" ಎಂದರು.

ಕೇಳುವುದು ಇಷ್ಟೇ. ಮುಂದಿನ ಕಾರನ್ನು ಗುದ್ದಿಸುವಾಗ ನಮ್ಮ ಅತ್ತೆಯಷ್ಟೇ ಎತ್ತರದ ಗೊಂಬೆಯೊಂದನ್ನು ನಡುವೆ ಕೂರಿಸಿ. ಹಿಂದಿನಿಂದಲೂ ಒಮ್ಮೆ ಗುದ್ದಿಸಿ. ಆಮೇಲೆ ನಕ್ಷತ್ರ ಎಣಿಸಿ. ಆಗದಿದ್ದರೆ 'ಐದು' ಅಳಿಸಿ 'ನಾಲ್ಕು' ಎಂದು ಬಾಗಿಲ ಮೇಲೇ ದಪ್ಪಕ್ಷರದಲ್ಲಿ ಬರೆಸಿ. ಮನೆಯಲ್ಲಿ ಯಾರನ್ನು ಬಿಟ್ಟು ಹೋಗಬೇಕೆಂದು ಕೊಳ್ಳುವ ಮೊದಲೇ ತಿಳಿಯಲಿ. ದಪ್ಪಕ್ಷರ ಮರೆಯಬೇಡಿ, ನಮ್ಮ ಅತ್ತೆ ಬೋರ್ಡು ಓದುವವರು.

ಇಂತಿ,
ಇನ್ನೂ ಯಾವ ಕಾರನ್ನೂ ಕೊಳ್ಳಲಾಗದ,
ಕಿಟಕಿ ಪಕ್ಕದ ಸೊಸೆ